ಅಣಕು ನ್ಯಾಯಾಲಯ ಭಾಷಣ ಸ್ಪರ್ಧೆಯಲ್ಲ

ಮಾನ್ಯರೇ,

ಪ್ರೌಢಶಾಲಾ ಮಕ್ಕಳೇ ವಕೀಲರೂ ಸಾಕ್ಷಿಗಳೂ ಆಗಿ ಕಲ್ಪಿತ ಪ್ರಕರಣ ನಡೆಸುವ ಅಣಕು ನ್ಯಾಯಾಲಯ ಸ್ಪರ್ಧೆಗಳಲ್ಲಿ ಬಹುಮಾನ ಬಹುಪಾಲು ದನಿ ಗಟ್ಟಿಯಿರುವ ತಂಡದ ಪಾಲಾಗುತ್ತದೆ. ಬಾಯಿಪಾಠ ಮಾಡಿದ ಆರಂಭಿಕ ಹೇಳಿಕೆ, ಕರಿಕೋಟು, ಮೇಜು ಗುದ್ದುವ ಸಿನಿಮಾ ಭಂಗಿ, ಅಂಕವೆಲ್ಲ ಇವಕ್ಕೇ. ವಿಚಾರಣೆಯ ಜೀವಾಳವಾದ ಪಾಟೀಸವಾಲು, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು, ಮೂಲೆಗೆ ಬೀಳುತ್ತದೆ. ತಪ್ಪು ಮಕ್ಕಳದಲ್ಲ, ನಿಯಮಾವಳಿ ಬರೆಯುವವರದು.

ಎಲ್ಲ ತಂಡಗಳಿಗೂ ಒಂದೇ ಪ್ರಕರಣದ ಕಡತ ಐದಾರು ವಾರ ಮೊದಲೇ ಸಿಗಬೇಕು. ನಾಲ್ವರು ಸಾಕ್ಷಿಗಳ ಹೇಳಿಕೆ (ತಲಾ ಎರಡು ಪುಟ), ಸ್ಥಳದ ನಕ್ಷೆ, ಒಂದೆರಡು ನಿಶಾನೆ (ಸಾಕ್ಷ್ಯವಾಗಿ ಹಾಜರುಪಡಿಸುವ ವಸ್ತು ಅಥವಾ ದಾಖಲೆ), ಅನ್ವಯಿಸುವ ಕಲಮುಗಳು ಇಷ್ಟಿದ್ದರೆ ಸಾಕು. ಕಡತದಲ್ಲಿ ಇಲ್ಲದ ಸಂಗತಿಯನ್ನು ಸಾಕ್ಷಿ ಹೊಸದಾಗಿ ಹೇಳುವಂತಿಲ್ಲ ಎಂಬ ನಿಯಮ ಅತಿ ಮುಖ್ಯ. ಇದಿಲ್ಲದಿದ್ದರೆ ಚುರುಕಾದ ಹುಡುಗನೊಬ್ಬ ಇಲ್ಲದ ಸಿಸಿಟಿವಿ ದೃಶ್ಯವನ್ನು ನಿಂತಲ್ಲೇ ಹುಟ್ಟಿಸುತ್ತಾನೆ, ಎದುರು ತಂಡದ ತಿಂಗಳ ತಯಾರಿ ಮಣ್ಣುಪಾಲು. ಕಲಮುಗಳನ್ನೂ ಹೊಸದಾಗಿ ನೋಡಿ ಹಾಕಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿರುವಾಗ ಹಳೆಯ 1872ರ ಸಾಕ್ಷ್ಯ ಕಾಯ್ದೆಯ ಕಲಮು ಸಂಖ್ಯೆಗಳನ್ನು ಮಕ್ಕಳಿಗೆ ಉರು ಹೊಡೆಸುವುದೇಕೆ?

ಪಾಟೀಸವಾಲನ್ನು ಕಲಿಸುವ ಬಗೆ ಬೇರೆಯೇ. ಒಂದು ಪ್ರಶ್ನೆಯಲ್ಲಿ ಒಂದೇ ಸಂಗತಿ. ಉತ್ತರ ಹೌದು ಅಥವಾ ಇಲ್ಲ. ‘ಆಗ ಸಂಜೆ ಏಳೂಕಾಲು, ಅಲ್ಲವೇ?’ ‘ಬೀದಿದೀಪ ಉರಿಯುತ್ತಿರಲಿಲ್ಲ?’ ‘ನೀವು ನಿಂತಿದ್ದು ರಸ್ತೆಯ ಆಚೆ ಬದಿ?’ ಇಲ್ಲಿಗೆ ಕೂತುಬಿಡಬೇಕು. ಮಕ್ಕಳು ಕೂರುವುದಿಲ್ಲ, ‘ಹಾಗಾದರೆ ಆರೋಪಿಯನ್ನು ಗುರುತಿಸಿದ್ದು ಹೇಗೆ?’ ಎಂದು ಕೇಳಿಯೇ ತೀರುತ್ತಾರೆ. ‘ಅವನನ್ನು ಹತ್ತು ವರ್ಷದಿಂದ ಬಲ್ಲೆ’ ಎಂದು ಸಾಕ್ಷಿ ಹೇಳಿದೊಡನೆ ಗಳಿಸಿದ್ದೆಲ್ಲ ಹೋಯಿತು. ಕತ್ತಲಲ್ಲಿ ಅಷ್ಟು ದೂರದಿಂದ ಗುರುತು ಹಿಡಿಯಲಾಗದು ಎಂಬ ತೀರ್ಮಾನವನ್ನು ಅಂತಿಮ ವಾದಕ್ಕೆ ಉಳಿಸಿಕೊಳ್ಳುವುದೇ ಜಾಣತನ. ತಮ್ಮದೇ ಸಾಕ್ಷಿಯನ್ನು ಪ್ರಶ್ನಿಸುವ ಮುಖ್ಯ ವಿಚಾರಣೆಯಲ್ಲಿ ಇದರ ತದ್ವಿರುದ್ಧ. ಅಲ್ಲಿ ‘ಏನು ನೋಡಿದಿರಿ?’ ಎಂದು ಕೇಳಿ ಸಾಕ್ಷಿಯನ್ನು ಮಾತಾಡಲು ಬಿಡಬೇಕು. ಉತ್ತರವನ್ನೇ ಸೂಚಿಸುವ ಪ್ರಶ್ನೆಗೆ ಎದುರು ಪಕ್ಷ ಆಕ್ಷೇಪಿಸಿದರೆ, ನ್ಯಾಯಾಲಯದ ಅನುಮತಿಯಿಲ್ಲದೆ ಅದನ್ನು ಕೇಳುವಂತಿಲ್ಲ. ಹೊಸ ಅಧಿನಿಯಮದ 146ನೇ ಕಲಮು ಹೇಳುವುದೂ ಇದನ್ನೇ.

ಆಕ್ಷೇಪಣೆಗಳನ್ನು ಐದಕ್ಕೆ ಮಿತಿಗೊಳಿಸಿ: ಸೂಚಕ ಪ್ರಶ್ನೆ, ಇನ್ನೊಬ್ಬರಿಂದ ಕೇಳಿದ ಮಾತು, ಅಪ್ರಸ್ತುತ, ಪರಿಣತರಲ್ಲದವರ ಅಭಿಪ್ರಾಯ, ಕಡತದಾಚೆಯ ಸಂಗತಿ. ಸಾಕ್ಷಿ ಉತ್ತರಿಸುವ ಮೊದಲೇ ಎದ್ದು ಕಾರಣ ಹೇಳಬೇಕು. ಆ ಹೊತ್ತು ಗಡಿಯಾರ ನಿಲ್ಲಿಸದಿದ್ದರೆ ಎದುರಾಳಿಯ ಸಮಯ ತಿನ್ನಲೆಂದೇ ಆಕ್ಷೇಪಿಸುವ ತಂಡಗಳು ಹುಟ್ಟಿಕೊಳ್ಳುತ್ತವೆ.

ತಂಡದಲ್ಲಿ ಆರರಿಂದ ಎಂಟು ಮಕ್ಕಳಿರಲಿ. ಪ್ರತಿ ಪಕ್ಷಕ್ಕೆ ಆರಂಭಿಕ ಹೇಳಿಕೆ 4 ನಿಮಿಷ, ಇಬ್ಬರು ಸಾಕ್ಷಿಗಳ ಮುಖ್ಯ ವಿಚಾರಣೆ 12, ಎದುರು ಸಾಕ್ಷಿಗಳ ಪಾಟೀಸವಾಲು 10, ಅಂತಿಮ ವಾದ 5. ಆಕ್ಷೇಪಣೆ ಸೇರಿ ಒಂದೂಕಾಲು ಗಂಟೆಯಲ್ಲಿ ಒಂದು ಸುತ್ತು ಮುಗಿಯುತ್ತದೆ. ಎರಡನೇ ಸುತ್ತಿನಲ್ಲಿ ಪಕ್ಷ ಅದಲುಬದಲಾಗಲಿ.

ಪ್ರತಿ ಭಾಗಕ್ಕೂ ಹತ್ತರಲ್ಲಿ ಅಂಕ ಕೊಡಬೇಕು, ಸಾಕ್ಷಿಯಾದವರಿಗೂ ವಕೀಲರಷ್ಟೇ. ಇಲ್ಲವಾದರೆ ಮಾತು ಬಾರದವರನ್ನು ಸಾಕ್ಷಿಕಟ್ಟೆಗೆ ತಳ್ಳುವ ಚಾಳಿ ನಿಲ್ಲುವುದಿಲ್ಲ. ಆರೋಪಿ ದೋಷಿಯೋ ನಿರ್ದೋಷಿಯೋ ಎಂಬುದಕ್ಕೂ ತಂಡದ ಗೆಲುವಿಗೂ ನಂಟಿರಬಾರದು. ದುರ್ಬಲ ಪಕ್ಷ ಹಿಡಿದು ಚೆನ್ನಾಗಿ ವಾದಿಸಿದವರು ಗೆಲ್ಲಲಿ.

ಪೀಠದಲ್ಲಿ ಕೂರುವವರು ಆಕ್ಷೇಪಣೆಗಳನ್ನು ತೀರ್ಮಾನಿಸಲಿ, ಅಂಕ ಹಾಕಲು ಬೇರೆ ಮೂವರಿರಲಿ. ಎರಡನ್ನೂ ಒಬ್ಬರೇ ಮಾಡಿದರೆ ಅಂಕಪಟ್ಟಿ ತುಂಬುವುದು ಎಲ್ಲ ಮುಗಿದ ಮೇಲೆ, ನೆನಪಿನ ಭರವಸೆಯಲ್ಲಿ. ಭಾಗವಾರು ಅಂಕಗಳನ್ನು ಅಂದೇ ತಂಡಗಳ ಕೈಗೆ ಕೊಡಲು ಆಯೋಜಕರು ಹಿಂಜರಿಯಬಾರದು.

– ಪ್ರೌಢಶಾಲಾ ತಂಡಗಳ ಕೆಲವು ಮಾರ್ಗದರ್ಶಕರು