ಎಡಗೈಯಲ್ಲಿ ಅಡಿಕೆ ಸುಲಿಯುವವಳು

ಪ್ರೀತಿಯ ತಂಗಿಗೆ ಆಶೀರ್ವಾದಗಳು.

ನಿನ್ನ ಕಾಗದವೂ ಆರು ವಾರಗಳ ಅಂಕಣದ ಕತ್ತರಿಕೆಗಳೂ ತಲುಪಿದವು. ‘ಒಂದು ಬರಹವನ್ನು ಮೆಚ್ಚಿ ಫೋನ್ ಮಾಡಿದವರು ಮುಂದಿನ ವಾರದ್ದನ್ನು ಓದಿಯೇ ಇರುವುದಿಲ್ಲ, ಏನು ಮಾಡಲಿ?’ ಎಂದು ಕೇಳಿದ್ದೀಯ. ಆರನ್ನೂ ಎರಡೆರಡು ಸಲ ಓದಿ ಬರೆಯುತ್ತಿದ್ದೇನೆ.

ಮೊದಲು ‘ಮುಂದಿನ ವಾರ ಬೆಚ್ಚಿಬೀಳಿಸುವ ಸಂಗತಿಯೊಂದಿದೆ, ಕಾಯಿರಿ’ ಎಂಬ ಕೊನೆಯ ಸಾಲನ್ನು ಬಿಟ್ಟುಬಿಡು. ನಾನೂ ಆ ದಾರಿ ತುಳಿದವನೇ. ನನ್ನ ಮೊದಲ ಧಾರಾವಾಹಿಯಲ್ಲಿ ಊರು ಬಿಟ್ಟ ಹುಡುಗನೊಬ್ಬ ಬದುಕಿದ್ದಾನೋ ಇಲ್ಲವೋ ಎಂಬುದನ್ನು ಐದು ಕಂತು ಎಳೆದೆ. ಪ್ರತಿ ಕಂತಿನ ಕೆಳಗೂ ‘ಸಶೇಷ’. ಐದನೆಯ ವಾರ ಓದುಗರೊಬ್ಬರ ಕಾರ್ಡು ಬಂತು. ‘ಅವನ ತಾಯಿಗಾದರೂ ಹೇಳಿಬಿಡಿ’ ಎಂದಷ್ಟೇ ಇತ್ತು. ಆ ತಾಯಿಯ ಸಂಕಟ ನನಗಿಂತ ಅವರಿಗೆ ಚೆನ್ನಾಗಿ ತಿಳಿದಿತ್ತು. ಆ ಕಾರ್ಡು ಇಂದಿಗೂ ನನ್ನ ಮೇಜಿನ ಖಾನೆಯಲ್ಲಿದೆ.

ಗದುಗಿನ ಭಾರತವನ್ನು ತೆರೆದು ನೋಡು. ಪ್ರತಿ ಸಂಧಿಯ ಬಾಗಿಲಲ್ಲೇ ‘ಸೂಚನೆ’ ಎಂಬ ಮೂರು ಸಾಲಿನ ಪದ್ಯವಿದೆ. ಒಳಗೆ ನಡೆಯುವುದೇನು ಎಂಬುದನ್ನು ಕುಮಾರವ್ಯಾಸ ಅಲ್ಲೇ ಹೇಳಿಬಿಡುತ್ತಾನೆ. ಕತೆಯಂತೂ ಕೇಳುವವರಿಗೆಲ್ಲ ಮೊದಲೇ ಗೊತ್ತು. ಆದರೂ 15ನೆಯ ಶತಮಾನದ ಆ ಕಾವ್ಯವನ್ನು ಒಳ್ಳೆಯ ಗಮಕಿಯೊಬ್ಬರು ವಾಚಿಸತೊಡಗಿದರೆ ಕೂತವರು ಏಳುವುದಿಲ್ಲ. ಕೃಷ್ಣ ಕರ್ಣನನ್ನು ಬರಸೆಳೆದು ರಥದಲ್ಲಿ ತನ್ನೊಡನೆ ಕೂರಿಸಿಕೊಂಡು ಹುಟ್ಟಿನ ಗುಟ್ಟು ಹೇಳುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ಆ ಗುಟ್ಟು ನನಗೆ ಬಾಲ್ಯದಿಂದಲೇ ತಿಳಿದದ್ದು. ನಾನು ಹೋಗಿ ಕೂರುವುದು ಕರ್ಣನ ಜೊತೆಗೆ.

1965ರಲ್ಲಿ ‘ಸುಧಾ’ ಆರಂಭವಾದ ಮೇಲೆ ನಮ್ಮ ಅಮ್ಮ ಧಾರಾವಾಹಿಯ ಪುಟಗಳನ್ನು ವಾರವಾರವೂ ಬಿಡಿಸಿ ಟ್ರಂಕಿನಲ್ಲಿ ಇಡುತ್ತಿದ್ದರು. ಕಾದಂಬರಿ ಮುಗಿದ ಮೇಲೆ ದಬ್ಬಳಕ್ಕೆ ಹುರಿ ಪೋಣಿಸಿ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕುತ್ತಿದ್ದರು. ಎರಡು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ‘ಅವಳನ್ನು ನೋಡಿ ಬಹಳ ದಿನವಾಯಿತು’ ಎಂದು ನಾಯಕಿಯ ಹೆಸರು ಹೇಳಿ ಆ ಕಟ್ಟನ್ನು ಹೊರತೆಗೆಯುತ್ತಿದ್ದರು, ಮದುವೆಯಾಗಿ ಹೋದ ನೆರೆಮನೆಯ ಹುಡುಗಿಯನ್ನು ನೆನೆದಂತೆ.

ಈಗ ನಿನ್ನ ಮೂರನೆಯ ವಾರದ ಬರಹಕ್ಕೆ ಬರುತ್ತೇನೆ. ಅಡಿಕೆ ಸುಲಿಯುವ ರಾತ್ರಿ. ಅಂಗಳದಲ್ಲಿ ಸಾಲಾಗಿ ಮೆಟ್ಟುಕತ್ತಿಗಳು, ಸಿಪ್ಪೆಯ ರಾಶಿ, ಹೆಂಗಸರ ಮಾತು. ನಡುವೆ ಒಂದು ಸಾಲು: ‘ಮೂಲೆಯಲ್ಲಿದ್ದವಳು ಮಾತ್ರ ಎಡಗೈಯಲ್ಲಿ ಸುಲಿಯುತ್ತಿದ್ದಳು, ಯಾರೊಂದಿಗೂ ಮಾತಾಡಲಿಲ್ಲ.’ ಅಲ್ಲಿ ನಾನು ನಿಂತುಬಿಟ್ಟೆ. ನೀನು ನಿಲ್ಲಲಿಲ್ಲ. ಶ್ರಮದ ಮಹತ್ವದ ಬಗ್ಗೆ ಐದು ಸಾಲು ಬರೆದು ಬಾಗಿಲು ಹಾಕಿದೆ. ಮರುವಾರ ಮಳೆ, ಅದರ ಮುಂದಿನ ವಾರ ರೈಲು ಪ್ರಯಾಣ. ಒಂದೊಂದೂ ಚೆನ್ನಾಗಿದೆ, ಆದರೆ ಓದುಗನಿಗೆ ಪ್ರತಿ ವಾರವೂ ಅಪರಿಚಿತರ ಮನೆ. ಫೋನ್ ಮಾಡಿದವರನ್ನು ಅದಕ್ಕಾಗಿ ದೂರಬೇಡ.

ಆ ಅಂಗಳಕ್ಕೆ ಮತ್ತೆ ಹೋಗು. ಆ ಐದು ಸಾಲುಗಳನ್ನು ತೆಗೆದುಹಾಕು. ಅವಳ ಬಲಗೈಗೆ ಏನಾಗಿತ್ತು? ಸುಲಿದ ಅಡಿಕೆಯನ್ನು ಅಳೆದು ಕೂಲಿ ಕೊಡುವಾಗ ಅವಳ ಪಾಲಿಗೆ ಎಷ್ಟು ಬಂತು? ಎಲ್ಲವನ್ನೂ ಒಂದೇ ವಾರದಲ್ಲಿ ಹೇಳಬೇಕಾಗಿಲ್ಲ, ಬೇಕೆಂದೇ ಬಚ್ಚಿಡಲೂಬೇಡ. ನೋಡಿದಷ್ಟನ್ನು ಬರೆ. ಆ ಬರಹ ಅಚ್ಚಿಗೆ ಹೋಗುವ ಮೊದಲೇ ನನಗೊಂದು ಪ್ರತಿ ಕಳುಹಿಸು. ಅವಳು ಹೇಗಿದ್ದಾಳೆಂದು ತಿಳಿಯದೆ ನನಗೆ ಸಮಾಧಾನವಿಲ್ಲ.

ನಿನ್ನ ಅಣ್ಣ