ಉಗುರುಬೆಚ್ಚಗಿನ ನೀರು ಆಸ್ಪತ್ರೆಗೆ ಒಗ್ಗದು: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಬೆಳೆಯುತ್ತದೆ. ಷವರಿನ ತುಂತುರಿನ ಜೊತೆ ಶ್ವಾಸಕೋಶಕ್ಕೆ ಇಳಿದರೆ ತೀವ್ರ ನ್ಯುಮೋನಿಯಾ ಬರಿಸುತ್ತದೆ. ಮೊದಲೇ ಸೋತ ರೋಗಿ ಅದನ್ನು ತಡೆಯಲಾರ.

ತಣ್ಣೀರು 20 ಡಿಗ್ರಿಗಿಂತ ಕೆಳಗಿರಲಿ ಎನ್ನುತ್ತದೆ ಬ್ರಿಟನ್ನಿನ ಮಾರ್ಗಸೂಚಿ. ರಾಯಚೂರಿನ ತಾರಸಿಯ ಟ್ಯಾಂಕಿನಲ್ಲಿ ಅದು ಆಗದ ಮಾತು. ಅಲ್ಲಿ ಕ್ಲೋರಿನ್ನೇ ಗತಿ. ಅದನ್ನು ಸಂಪಿನ ಹತ್ತಿರ ಅಳೆದರೆ ಪ್ರಯೋಜನವಿಲ್ಲ, ಟ್ಯಾಂಕಿಗೆ ಅತಿ ದೂರದ ವಾರ್ಡಿನ ನಲ್ಲಿಯಲ್ಲಿ ಅಳೆಯಬೇಕು. ಅಲ್ಲಿಯೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 8 ದಾಟಿದರೆ ಕ್ಲೋರಿನ್ನಿನ ಶಕ್ತಿ ಕುಂದುತ್ತದೆ.

ನಮಗೆ ಹೆಚ್ಚು ಭಯವಿರುವುದು ಸೋಲಾರ್ ಬಿಸಿನೀರಿನದು. ಮೋಡ ಕವಿದ ದಿನಗಳಲ್ಲಿ ಅದು 40 ಡಿಗ್ರಿಯ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಕರೆಂಟ್ ಬಿಲ್ಲಿಗೆ ಹೆದರಿ ಹೀಟರ್ ಕಾಯಿಲ್ ಆಫ್ ಮಾಡಿದ್ದರೆ ಟ್ಯಾಂಕೇ ಬ್ಯಾಕ್ಟೀರಿಯಾದ ತವರು. ಥರ್ಮೋಸ್ಟಾಟ್ 60 ಡಿಗ್ರಿಗಿರಬೇಕು, ನಲ್ಲಿ ತಿರುಗಿಸಿದ ಒಂದು ನಿಮಿಷದೊಳಗೆ 55 ಡಿಗ್ರಿಯ ನೀರು ಬರಬೇಕು. ಮೈ ಸುಡದಂತೆ ತಣ್ಣೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಷವರಿನ ಪಕ್ಕದಲ್ಲೇ ಇರಲಿ. ಟ್ಯಾಂಕಿನ ಬಾಯಲ್ಲೇ ಕೂರಿಸಿದರೆ ಇಡೀ ಲೈನೇ ಉಗುರುಬೆಚ್ಚಗಾಗುತ್ತದೆ.

ಒಂದು ಹಳೆಯ ಷವರ್ ಬಿಚ್ಚಿಸಿ ನೋಡಿ. ತೂತುಗಳ ಸುತ್ತ ಬಿಳಿ ಉಪ್ಪು ಕಟ್ಟಿರುತ್ತದೆ, ಒಳಗೆ ಬೆರಳಿಗೆ ಜಾರುವ ಲೋಳೆ. ಆ ಲೋಳೆಯೊಳಗೆ ಕ್ಲೋರಿನ್ ಸರಿಯಾಗಿ ಇಳಿಯುವುದಿಲ್ಲ. ಮೂರು ತಿಂಗಳಿಗೊಮ್ಮೆ ಬಿಚ್ಚಿ ಉಜ್ಜಲೇಬೇಕು. ಖಾಲಿ ಬಿದ್ದ ಕೋಣೆಯ ನಲ್ಲಿಗಳನ್ನು ವಾರಕ್ಕೊಮ್ಮೆ ಐದು ನಿಮಿಷ ಹರಿಯಬಿಡಬೇಕು. ಆಗ ಷವರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಒಂದು ಮೂಲೆ ಕತ್ತರಿಸಿದರೆ ನೀರು ಇಳಿಯುತ್ತದೆ, ತುಂತುರು ಏಳುವುದಿಲ್ಲ. ಬಳಕೆಯಿಲ್ಲದ ಪೈಪಿಗೆ ಕ್ಯಾಪ್ ಹಾಕಿ ಬಿಟ್ಟರೆ ಒಳಗೆ ನೀರು ಕೊಳೆಯುತ್ತದೆ. ಮುಖ್ಯ ಪೈಪಿನಿಂದ ಅದು ಕವಲೊಡೆಯುವ ಟೀ ಜಾಯಿಂಟಿನವರೆಗೆ ಅದನ್ನು ಕತ್ತರಿಸಿ ತೆಗೆಯಬೇಕು.

ಟ್ಯಾಂಕಿನ ಕೆಸರು ತೆಗೆದು ಉಜ್ಜಿದ ಮೇಲೆ, 1000 ಲೀಟರಿಗೆ 33 ಶೇಕಡಾ ಕ್ಲೋರಿನ್ನಿರುವ 150 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿದರೆ ಲೀಟರಿಗೆ ಸುಮಾರು 50 ಮಿಲಿಗ್ರಾಂ ಕ್ಲೋರಿನ್ ಆಗುತ್ತದೆ. ಪ್ರತಿ ನಲ್ಲಿಯಲ್ಲೂ ವಾಸನೆ ಬರುವ ತನಕ ಹರಿಸಿ, ಒಂದು ಗಂಟೆ ನಿಲ್ಲಿಸಿ, ಚೆನ್ನಾಗಿ ತೊಳೆದು ಬಿಡಬೇಕು. ಅದಕ್ಕೂ ಮುಂಚೆ ಡಯಾಲಿಸಿಸ್ ಲೈನನ್ನು ಬೇರ್ಪಡಿಸಲೇಬೇಕು, ಕ್ಲೋರಿನ್ ಅಲ್ಲಿಗೆ ಹೋದರೆ ರೋಗಿಯ ರಕ್ತಕಣಗಳು ಒಡೆಯುತ್ತವೆ.

ಪ್ರತಿ ಆಸ್ಪತ್ರೆಯಲ್ಲೂ ಇದಕ್ಕೆ ಹೊಣೆಯಾದ ಒಬ್ಬ ಎಂಜಿನಿಯರ್, ತಾಪಮಾನ ಮತ್ತು ಕ್ಲೋರಿನ್ ಬರೆದಿಡುವ ಒಂದು ರಿಜಿಸ್ಟರ್ ಇರುವಂತೆ ಆದೇಶ ಹೊರಡಿಸಿ. ನಲ್ಲಿ ನೀರಿನ ಮಾದರಿಯಲ್ಲಿ ಲೀಜಿಯೊನೆಲ್ಲಾ ಇದೆಯೇ ಎಂದು ಲ್ಯಾಬಿನಲ್ಲಿ ಬೆಳೆಸಿ ಪರೀಕ್ಷಿಸುವ ವ್ಯವಸ್ಥೆ ಜಿಲ್ಲಾ ಆಸ್ಪತ್ರೆಗಳಿಗೆ ಸಿಗಲಿ. ಮಳೆಗಾಲ ಕಾಲಿಡುವ ಮೊದಲೇ ಸೋಲಾರ್ ಟ್ಯಾಂಕುಗಳ ಕಾಯಿಲ್ ಪರಿಶೀಲನೆ ಮುಗಿಯಲಿ.

ಇಂತಿ,
ಆಸ್ಪತ್ರೆಗಳ ನೀರಿನ ನಿರ್ವಹಣೆಯಲ್ಲಿರುವವರು