ಬ್ಯಾಟರಿ ಬದಲಿಸುವ ಮುನ್ನ ಮೀಟರ್ ಇಟ್ಟು ನೋಡಿ

ಮಾನ್ಯ ಸಂಪಾದಕರೇ,

ವಾಹನಗಳ ವೈರಿಂಗ್ ಕೆಲಸ ಮಾಡುತ್ತಲೇ ತಲೆ ನರೆತವನು ನಾನು. ಪಕ್ಕದ ಮೇಜಿನಲ್ಲಿ ನನ್ನ ಮಗಳು ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಾಳೆ. ನಮ್ಮಿಬ್ಬರ ಹತ್ತಿರ ಬರುವವರ ದೂರು ಮಾತ್ರ ಒಂದೇ: 'ಹೊಸ ಬ್ಯಾಟರಿ ಹಾಕಿಸಿದೆ, ಆದ್ರೂ ಚಾರ್ಜ್ ನಿಲ್ತಿಲ್ಲ.' ಹಾಕಿಕೊಟ್ಟವರು ಮೀಟರ್ ಇಟ್ಟು ನೋಡಿದ್ರಾ ಎಂದು ಕೇಳಿದರೆ ಹೆಚ್ಚಿನವರು 'ಇಲ್ಲ' ಎನ್ನುತ್ತಾರೆ. ಅದಕ್ಕೇ ಈ ಪತ್ರ.

ಸೆಲ್ಫ್ ಎಳೆಯಲಿಲ್ಲ ಅಂದರೆ ಬ್ಯಾಟರಿ ಹೋಗಿದೆ ಎಂದು ತೀರ್ಪು ಕೊಡುವುದು ಸುಲಭ. ಬ್ಯಾಟರಿ ಖಾಲಿಯಾಗಿರುವುದು ನಿಜವೂ ಇರಬಹುದು. ಯಾಕೆ ಖಾಲಿಯಾಯಿತು ಅಂತ ಯಾರೂ ಕೇಳುವುದಿಲ್ಲ.

ಕಾರಿನ 12 ವೋಲ್ಟ್ ಬ್ಯಾಟರಿ ಫುಲ್ ಚಾರ್ಜ್ ಆಗಿ ಕೆಲವು ಗಂಟೆ ಸುಮ್ನೆ ಇದ್ದಾಗ, ಅದರ ಪ್ಲಸ್, ಮೈನಸ್ ಎರಡಕ್ಕೂ ಹಿಡಿದ ಮೀಟರ್ 12.6 ವೋಲ್ಟಿನ ಆಸುಪಾಸು ತೋರಿಸುತ್ತದೆ. 12.2 ಅಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗಿಳಿದರೆ ಹೆಚ್ಚುಕಮ್ಮಿ ಬರಿದು. ಎಂಜಿನ್ ಸ್ಟಾರ್ಟ್ ಮಾಡಿದ ಮೇಲೆ ಅದೇ ಜಾಗದಲ್ಲಿ 13.8ರಿಂದ 14.5ರವರೆಗೆ ಬರಬೇಕು. ಏರಲೇ ಇಲ್ಲ ಅಂದರೆ ಚಾರ್ಜ್ ಬರುತ್ತಿಲ್ಲ. 15 ದಾಟಿ ಅಲ್ಲೇ ನಿಂತರೆ ಚಾರ್ಜಿಂಗ್ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಕೈಕೊಟ್ಟಿದೆ ಅಂತಲೇ ಲೆಕ್ಕ. ಬ್ಯಾಟರಿಯ ನೀರು ಒಣಗುತ್ತದೆ, ಹೊಸದೂ ಬೇಗ ಹಾಳಾಗುತ್ತದೆ. ಈಚಿನ ಕೆಲವು ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜಿಂಗ್ ಏರಿಸಿ ಇಳಿಸುತ್ತದೆ. ಅಂಥವುಗಳಲ್ಲಿ ಒಂದೇ ಸಲ ನೋಡಿ ತೀರ್ಮಾನಿಸಬೇಡಿ, ಹೆಡ್‌ಲೈಟ್ ಹಾಕಿ ಇನ್ನೊಮ್ಮೆ ನೋಡಿ.

ಇತ್ತೀಚೆಗೆ ಬಂದ ಒಂದು ಕಾರಿನ ಕತೆ ಹೇಳಲೇಬೇಕು. ಬ್ಯಾಟರಿ ಹೊಸದು. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೂಡ ಬದಲಾಗಿತ್ತು. ಆದರೂ ಬೆಳಿಗ್ಗೆ ಸೆಲ್ಫ್ ಎಳೆಯೋಕೆ ಒದ್ದಾಟ. ಎಂಜಿನ್ ಓಡಿಸಿ, ಹೆಡ್‌ಲೈಟು, ಎಸಿ ಎಲ್ಲ ಹಾಕಿ, ಆಲ್ಟರ್ನೇಟರ್ ಹಿಂದಿನ ದಪ್ಪ ಬೋಲ್ಟಿಗೂ ಅದರ ಮೈಗೂ ಮೀಟರ್ ಹಿಡಿದೆ. 14.3 ಬಂತು. ಬ್ಯಾಟರಿಯ ಮೇಲೆ ಹಿಡಿದರೆ 13.2. ನಡುವಿನ 1.1 ವೋಲ್ಟ್ ಎಲ್ಲಿ ಹೋಯಿತು? ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ ಕಡೆ, ಕ್ಲ್ಯಾಂಪಿಗಲ್ಲ, ಸೀಸದ ಗುಬುಟಿಗೇ ಇಟ್ಟೆ. ಇನ್ನೊಂದನ್ನು ಎಂಜಿನ್ ಮೈಗೆ. ಸೊನ್ನೆಯ ಹತ್ತಿರ ಇರಬೇಕಾದ ಜಾಗದಲ್ಲಿ 0.9 ತೋರಿಸಿತು. ಎಂಜಿನ್ನಿಗೂ ಗಾಡಿಯ ಮೈಗೂ ನಡುವೆ ಇರುವ, ಮೈನಸ್ ಕಡೆಯ ದಾರಿಯಾದ ಅರ್ಥ್ ವೈರ್ ಹೊರಗಿನಿಂದ ಚೆನ್ನಾಗೇ ಕಾಣುತ್ತಿತ್ತು. ಬೋಲ್ಟಿನ ಹತ್ತಿರ ಬೆರಳಲ್ಲಿ ಒತ್ತಿದರೆ ಕರಕರ ಎಂದಿತು. ಮೇಲಿನ ಪ್ಲಾಸ್ಟಿಕ್ ಸೀಳಿದೆ. ತಾಮ್ರದ ಎಳೆಗಳು ಹಸಿರು ಪುಡಿಯಾಗಿ ಉದುರಿದವು. ನೆಟ್ಟಗೆ ಉಳಿದಿದ್ದು ನಾಲ್ಕಾರು ಎಳೆ ಅಷ್ಟೆ. ಆ ಒಂದು ವೈರ್ ಬದಲಿಸಿದೆ, ಬ್ಯಾಟರಿಯ ಮೇಲೆ 14.1 ಬಂತು. ಬಿಚ್ಚಿ ಎಸೆದ ಹಳೆಯ ಆಲ್ಟರ್ನೇಟರ್ ಏನು ತಪ್ಪು ಮಾಡಿತ್ತೋ, ಪಾಪ.

ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪದ ಬಗ್ಗೆಯೂ ಒಂದು ಮಾತು. ಕೀ ತಿರುಗಿಸಿದಾಗ ಅದು ಹತ್ತಬೇಕು, ಎಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಲೇ ಇಲ್ಲ ಅಂದರೆ ಖುಷಿಪಡಬೇಡಿ. ಹಳೆಯ ಎಷ್ಟೋ ಗಾಡಿಗಳಲ್ಲಿ ಆಲ್ಟರ್ನೇಟರಿಗೆ ಮೊದಲ ಕರೆಂಟ್ ಹೋಗುವುದೇ ಆ ಬಲ್ಬಿನ ಮೂಲಕ. ಬಲ್ಬ್ ಸುಟ್ಟರೆ ಚಾರ್ಜಿಂಗ್ ಶುರುವೇ ಆಗದಿರಬಹುದು. ಸಣ್ಣ ಬಲ್ಬಿನ ತಪ್ಪಿಗೆ ದೊಡ್ಡ ಬ್ಯಾಟರಿಗೆ ಶಿಕ್ಷೆ!

ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಡೌನ್ ಆಗುತ್ತಿದ್ದರೆ ಎಲ್ಲೋ ಕರೆಂಟ್ ಸೋರುತ್ತಿರಬಹುದು. ಲಾಕ್ ಮಾಡಿ, ಒಳಗಿನ ಕಂಪ್ಯೂಟರುಗಳು ಮಲಗುವವರೆಗೆ ಕಾದು ಅಳೆದರೆ 50 ಮಿಲಿಆಂಪಿಯರ್ ಒಳಗೆ ಇರಬೇಕು. ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ತೆಗೆದು ನೋಡುತ್ತಾ ಹೋಗಬೇಕು. ಯಾವ ಫ್ಯೂಸ್ ತೆಗೆದರೂ ಇಳಿಯಲಿಲ್ಲವೇ? ಆಲ್ಟರ್ನೇಟರ್ ಒಳಗಿನ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಮೇಲೆ ನನ್ನ ಅನುಮಾನ. ಬೈಕಿನಲ್ಲಾದರೆ ಮೊದಲು ರೆಗ್ಯುಲೇಟರಿಗೆ ವೈರ್ ಸೇರಿಸುವ ಕಪ್ಲರ್ ಬಿಚ್ಚಿ ನೋಡಿ, ಕಂದು ಬಣ್ಣಕ್ಕೆ ಸುಟ್ಟು ಕರಗಿರುವುದೇ ಹೆಚ್ಚು.

ಇನ್ನೊಂದು ಕೆಟ್ಟ ಅಭ್ಯಾಸ ಇನ್ನೂ ಹೋಗಿಲ್ಲ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ವೈರ್ ಕಿತ್ತು, 'ಆಫ್ ಆಗ್ಲಿಲ್ಲ, ಆಲ್ಟರ್ನೇಟರ್ ಸರಿ ಇದೆ' ಎನ್ನುವುದು. ಹಾಗೆ ಕಿತ್ತಾಗ ವೋಲ್ಟೇಜ್ ಒಮ್ಮೆಲೇ ಜಿಗಿದು ರೆಗ್ಯುಲೇಟರ್, ಕಂಪ್ಯೂಟರ್ ಯಾವುದು ಬೇಕಾದರೂ ಸುಡಬಹುದು. ದಯವಿಟ್ಟು ನಿಮ್ಮ ಗಾಡಿಗೆ ಯಾರೂ ಹೀಗೆ ಮಾಡಲು ಬಿಡಬೇಡಿ.

ಲ್ಯಾಪ್‌ಟಾಪ್ ಮಗಳ ಇಲಾಖೆ. ಅವಳು ಮೊದಲು ಕೈಗೆತ್ತಿಕೊಳ್ಳುವುದು ಅಡಾಪ್ಟರ್. ಕೆಲವು ಅಡಾಪ್ಟರುಗಳ ಪ್ಲಗ್ಗಿನ ನಡುವೆ ಸೂಜಿಯಂಥ ಪಿನ್ ಇರುತ್ತದೆ. ಅಡಾಪ್ಟರ್ ಎಷ್ಟು ವ್ಯಾಟಿನದು ಎಂದು ಲ್ಯಾಪ್‌ಟಾಪ್ ತಿಳಿಯುವುದು ಅದರಿಂದಲೇ. ಆ ಪಿನ್ ಬಾಗಿದರೆ 19.5 ವೋಲ್ಟ್ ಸರಿಯಾಗಿ ಬರುತ್ತಿದ್ದರೂ ಲ್ಯಾಪ್‌ಟಾಪ್ ಓಡುತ್ತದೆ ಅಷ್ಟೆ, ಚಾರ್ಜ್ ತಗೊಳ್ಳುವುದಿಲ್ಲ. ಯುಎಸ್‌ಬಿ-ಸಿಯಲ್ಲಿ ಬೇರೆಯದೇ ಗೋಳು. ಸೇರುತ್ತದೆ ಅಂತ ಫೋನಿನ ಚಾರ್ಜರ್ ಹಾಕುತ್ತಾರೆ. ಅದು 5 ಅಥವಾ 9 ವೋಲ್ಟ್ ಕೊಟ್ಟರೆ, ಲ್ಯಾಪ್‌ಟಾಪ್ ಕೇಳುವುದು ಸಾಮಾನ್ಯವಾಗಿ 20. ಕೇಬಲನ್ನೂ ನೋಡಬೇಕು. 3 ಆಂಪಿಯರ್ ಕೇಬಲಿನಲ್ಲಿ 60 ವ್ಯಾಟ್‌ಗಿಂತ ಜಾಸ್ತಿ ಹೋಗುವುದಿಲ್ಲ. ಇನ್ನು ಶೇ 80ಕ್ಕೆ ಚಾರ್ಜ್ ನಿಂತುಹೋಯಿತು ಎಂದು ಗಾಬರಿಯಾಗಿ ಬರುವವರು ಬಹಳ. ಬ್ಯಾಟರಿ ಬಾಳಿಕೆಗೆಂದು ಸೆಟಿಂಗ್ಸ್‌ನಲ್ಲೇ ಹಾಗೆ ಮಿತಿ ಇಟ್ಟಿರುತ್ತದೆ.

ಬ್ಯಾಟರಿಯೇ ಹಳತಾಗಿದೆಯಾ ಎಂದು ಮನೆಯಲ್ಲೇ ನೋಡಬಹುದು. ವಿಂಡೋಸ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆದರೆ ಡಿಸೈನ್ ಕೆಪ್ಯಾಸಿಟಿ, ಫುಲ್ ಚಾರ್ಜ್ ಕೆಪ್ಯಾಸಿಟಿ ಎಂಬ ಎರಡು ಅಂಕಿಗಳಿರುತ್ತವೆ. ಎರಡನೆಯದು ಮೊದಲನೆಯದರ ಅರ್ಧಕ್ಕಿಳಿದಿದ್ದರೆ ಆಗ ಬದಲಿಸಿ, ನಾನೇ ಹೇಳುತ್ತೇನೆ. ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಿದ್ದರಂತೂ ಮೀಟರೂ ಬೇಡ, ಏನೂ ಬೇಡ. ಬ್ಯಾಟರಿ ಊದಿಕೊಂಡಿರುತ್ತದೆ. ಒತ್ತಬೇಡಿ, ಚಾರ್ಜಿಗೆ ಹಾಕಬೇಡಿ, ಗೊತ್ತಿದ್ದವರಿಂದ ತೆಗೆಸಿ.

ನಿಮ್ಮ ಪತ್ರಿಕೆಯ ಮೂಲಕ ನನ್ನ ಕೋರಿಕೆ ಇಷ್ಟೆ. ವಾಹನದ ಬ್ಯಾಟರಿ ಮಾರುವವರು ಬಿಲ್ಲಿನ ಮೇಲೆ ಎರಡು ಅಂಕಿ ಬರೆದುಕೊಡಲಿ: ಎಂಜಿನ್ ಆಫ್ ಇದ್ದಾಗ ಎಷ್ಟು, ಓಡುವಾಗ ಎಷ್ಟು. ಬರೆಯಲು ಒಂದು ನಿಮಿಷ ಸಾಕು. ಗ್ರಾಹಕರೂ ಕೇಳಿ ಪಡೆಯಲಿ. ಲ್ಯಾಪ್‌ಟಾಪ್ ತಯಾರಿಸುವವರಿಗೆ ಮಗಳದೂ ಒಂದು ಬೇಡಿಕೆ ಇದೆ. ಚಾರ್ಜ್ ಆಗುತ್ತಿಲ್ಲ ಎಂದಷ್ಟೇ ತೋರಿಸಿ ಸುಮ್ಮನಾಗುವ ಬದಲು, ಅಡಾಪ್ಟರ್ ಗುರುತು ಸಿಗಲಿಲ್ಲವೋ, ಬಿಸಿ ಜಾಸ್ತಿಯಾಯಿತೋ, ಮಿತಿ ಇಟ್ಟಿದೆಯೋ ಎಂದು ಪರದೆಯ ಮೇಲೆ ಬರೆಯಲಿ. ಎಷ್ಟೋ ಸಲ ಯಂತ್ರಕ್ಕೆ ಕಾರಣ ಗೊತ್ತಿರುತ್ತದೆ, ನಮಗೆ ಹೇಳುವುದಿಲ್ಲ ಅಷ್ಟೆ.

ಇಂತಿ ನಿಮ್ಮ ಓದುಗ,
ಒಬ್ಬ ವಾಹನ ಎಲೆಕ್ಟ್ರಿಷಿಯನ್